ಬಿದ್ದರೆ ಕಾಶಿಯೊಳಗೇ ಬೀಳಬೇಕು

ಬಂಗಾಲಿ ಟೋಲಾ

ವಿಮಾನವೆಂದರೆ ಹೆದರುವವರಲ್ಲಿ ಎರಡು ಜಾತಿ ಇದೆಯೆಂದು ಕಳೆದ ಪಿತೃಪಕ್ಷದವರೆಗೆ ನನಗೆ ಗೊತ್ತಿರಲಿಲ್ಲ. ಒಂದು ನನ್ನ ಜಾತಿ. ಇದು ಬೀಳುತ್ತದೆ, ನಾವು ಸಾಯುತ್ತೇವೆ ಎಂದು ಹೆದರುವವರದು. ಇದನ್ನು ಓದುತ್ತಿರುವವರಲ್ಲಿ ಅರ್ಧ ಮಂದಿ ನನ್ನ ಜಾತಿಯವರೇ ಇರಬಹುದು. ಇನ್ನೊಂದು ಜಾತಿಯಲ್ಲಿ ನನಗೆ ತಿಳಿದಂತೆ ಒಬ್ಬರೇ ಇದ್ದಾರೆ, ಅವರು ನನ್ನ ಮಾವ. ಸಾಯುವುದರ ಬಗ್ಗೆ ಅವರಿಗೆ ಯಾವ ತಕರಾರೂ ಇಲ್ಲ. ಎಲ್ಲಿ ಸಾಯುತ್ತೇವೆ ಎನ್ನುವುದೇ ಅವರ ತಕರಾರು.

ನಮ್ಮದು ಮೂರು ತಲೆಮಾರಿನ ಹಿಂದೆ ನಂಜನಗೂಡು ಕಡೆಯಿಂದ ಕಾಶಿಗೆ ಬಂದು ಬಂಗಾಲಿ ಟೋಲಾದ ಗಲ್ಲಿಯಲ್ಲಿ ನಿಂತ ಪುರೋಹಿತರ ಮನೆ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ತರ್ಪಣ, ಗಂಗಾಪೂಜೆ ಮಾಡಿಸುವುದು ಕಸುಬು. ನಾನು ತುಮಕೂರಿನವಳು, ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷವಾಯಿತು. ಹತ್ತೊಂಬತ್ತು ವರ್ಷದ ಹಿಂದೆ ಅತ್ತೆ ತೀರಿಕೊಂಡಾಗ ಮಾವ ಕೇದಾರ ಘಾಟ್‌ನ ನೀರಿನಲ್ಲಿ ನಿಂತು ಸಂಕಲ್ಪ ಮಾಡಿಬಿಟ್ಟರು, ಇನ್ನು ಉಸಿರಿರುವ ತನಕ ಕಾಶಿಯ ಗಡಿ ದಾಟುವುದಿಲ್ಲ ಎಂದು. ಗಡಿಯೊಳಗೆ ಪ್ರಾಣ ಹೋದರೆ ಮುಕ್ತಿ. ಎರಡು ದಿನದ ಮಟ್ಟಿಗೆ ಎಲ್ಲಿಗೋ ಹೋಗಿ ಅಲ್ಲಿ ಹೆಚ್ಚುಕಡಿಮೆಯಾದರೆ ಇಷ್ಟು ವರ್ಷ ಮಿಂದದ್ದೆಲ್ಲ ದಂಡ. ಅಂದಿನಿಂದ ಅವರು ಪ್ರಯಾಗಕ್ಕೂ ಹೋಗಿಲ್ಲ. ಸ್ವಂತ ಮಗಳ ಮದುವೆ ಮೈಸೂರಿನಲ್ಲಾದಾಗ ಫೋನಿನ ಮುಂದೆ ಕೂತು ಮಂತ್ರ ಹೇಳಿ ಅಕ್ಷತೆ ಹಾಕಿದರು. ಅಕ್ಷತೆಯೆಲ್ಲ ಫೋನಿನ ಮೇಲೆ ಬಿತ್ತು.

ಇಂಥವರಿಗೆ ಒಬ್ಬಳೇ ತಂಗಿ, ಜಾನಕಿ ಅತ್ತೆ. ಅವರನ್ನು ಕೊಟ್ಟಿದ್ದು ಕಾಠ್ಮಂಡುವಿಗೆ. ಅಲ್ಲಿನ ಪಶುಪತಿ ದೇವಸ್ಥಾನದ ಕೆಲಸಕ್ಕೆ ಕರ್ನಾಟಕದಿಂದ ಹೋದ ಮನೆತನ. ಗಂಡ ಹಾಸಿಗೆ ಹಿಡಿದಿದ್ದಾರೆ, ಎಲ್ಲಕ್ಕೂ ಮಗ ಪ್ರಕಾಶನೇ. ಅಣ್ಣ ಗಡಿ ದಾಟುವುದಿಲ್ಲವಾದ್ದರಿಂದ ಪ್ರತಿವರ್ಷ ಗೌರಿ ಹಬ್ಬಕ್ಕೆ ಅವರೇ ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕುಲುಕಿಕೊಂಡು ಬಂದು ತವರಿನ ಬಾಗಿನ ತೆಗೆದುಕೊಂಡು ಹೋಗುತ್ತಿದ್ದರು. ಈ ವರ್ಷ ಬರಲಿಲ್ಲ. ಹಬ್ಬ ಕಳೆದು ಎರಡು ವಾರಕ್ಕೆ ಫೋನು ಬಂತು.

"ಅಣ್ಣ, ಹೃದಯದ ಕವಾಟ ಕೆಟ್ಟಿದ್ಯಂತೆ. ಗುರುವಾರ ಎದೆ ಸೀಳ್ತಾರಂತೆ," ಎಂದರು ಜಾನಕಿ ಅತ್ತೆ. ಹಪ್ಪಳ ಸೀದುಹೋಯಿತು ಎನ್ನುವಷ್ಟೇ ಸಲೀಸಾಗಿ ಹೇಳಿದರು. ಆಮೇಲೆ, "ಅದಕ್ಕೆ ಮುಂಚೆ ಒಂದ್ಸಲ ನಿನ್ನ ಮುಖ ನೋಡೋಣ ಅನ್ಸುತ್ತೆ. ನೀನು ಬರೋ ಹಾಗಿಲ್ಲ, ನಂಗೊತ್ತು. ಸುಮ್ನೆ ಅಂದೆ," ಎಂದರು.

ಮಾವ ಆ ದಿನ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲೇ ಅಡುಗೆಮನೆ ಬಾಗಿಲಿಗೆ ಬಂದು ನಿಂತರು.

"ಶಾರದಾ, ಈ ವಿಮಾನ ಅಂತಾರಲ್ಲ, ಅದು ಬೀಳೋದುಂಟಾ?"

ನಾನು ಉಪ್ಪಿಟ್ಟಿಗೆ ಹಾಕಬೇಕಾದ ಉಪ್ಪನ್ನು ಕಾಫಿಗೆ ಹಾಕಿದೆ. ಏಕೆಂದರೆ ಇದು ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ನನಗೆ ಆಗಲೇ ಗೊತ್ತಾಗಿತ್ತು. ಪಿತೃಪಕ್ಷ, ಮನೆ ತುಂಬ ಯಾತ್ರಿಕರು, ನಮ್ಮವರಿಗೆ ಉಸಿರಾಡಲು ಪುರುಸೊತ್ತಿಲ್ಲ. ಬಸ್ಸಿನ ಪ್ರಯಾಣವನ್ನು ಎಪ್ಪತ್ತೆಂಟು ವರ್ಷದ ಬೆನ್ನು ತಡೆಯುವುದಿಲ್ಲ. "ನೀನೇ ಕರ್ಕೊಂಡು ಹೋಗು. ನೀನು ಮೂರು ಸಲ ವಿಮಾನದಲ್ಲಿ ಹೋದವಳು," ಎಂದರು ನಮ್ಮವರು. ಆ ಮೂರು ಸಲವೂ ನಾನು ಕಣ್ಣು ಮುಚ್ಚಿಕೊಂಡು, ಪಕ್ಕದಲ್ಲಿ ಯಾರಿದ್ದಾರೋ ಅವರ ಕೈ ಹಿಡಿದುಕೊಂಡು ಹೋಗಿದ್ದೆ ಎಂಬುದನ್ನು ಅವರು ಜಾಣತನದಿಂದ ಮರೆತಿದ್ದರು. ಅದೂ ಅವೆಲ್ಲ ದೊಡ್ಡ ವಿಮಾನ. ಕಾಠ್ಮಂಡುವಿಗೆ ಹೋಗುವುದು ರೆಕ್ಕೆಗೆ ಫ್ಯಾನು ಕಟ್ಟಿದ ಚಿಕ್ಕದು.

ವರುಣಾ ಸೇತುವೆ

ಮಂಗಳವಾರ ಬೆಳಿಗ್ಗೆ ಹೊರಟೆವು. ನಮ್ಮ ಗಲ್ಲಿಗೆ ಹಸು ಬರುತ್ತದೆ, ಸ್ಕೂಟರ್ ಬರುತ್ತದೆ, ಕಾರು ಬರುವುದಿಲ್ಲ. ಗೋದೌಲಿಯಾದ ಜಂಗುಳಿಯಲ್ಲಿ ಸೈಕಲ್ ರಿಕ್ಷಾಗಳ ಚಕ್ರದಿಂದ ಮಾವನ ಪಂಚೆಯನ್ನೂ ನನ್ನ ಸೀರೆಯನ್ನೂ ಉಳಿಸಿಕೊಂಡು, ಮುಂದೆ ನಿಂತಿದ್ದ ಟ್ಯಾಕ್ಸಿ ಹತ್ತುವ ಹೊತ್ತಿಗೇ ನನ್ನ ತಾಳ್ಮೆ ಅರ್ಧ ಖರ್ಚಾಗಿತ್ತು. ಉಳಿದರ್ಧ ವರುಣಾ ಸೇತುವೆಯ ಮೇಲೆ ಹೋಯಿತು.

ಕಾಶಿಗೆ ವರುಣಾ ನದಿಯೇ ಉತ್ತರದ ಗಡಿ ಎಂದು ಕೆಲವರ ವಾದ. ಇಲ್ಲ, ಪಂಚಕ್ರೋಶಿ ಯಾತ್ರೆಯ ದಾರಿ ಎಲ್ಲಿಯವರೆಗೆ ಸುತ್ತುತ್ತದೋ ಅಲ್ಲಿಯವರೆಗೂ ಕಾಶಿಯೇ ಎಂದು ಇನ್ನು ಕೆಲವರ ವಾದ. ಹತ್ತೊಂಬತ್ತು ವರ್ಷ ಮಾವ ಮೊದಲನೆಯ ವಾದವನ್ನೇ ಹಿಡಿದವರು. ಸೇತುವೆ ಕಂಡದ್ದೇ ಎರಡನೆಯದಕ್ಕೆ ಜಿಗಿದರು.

"ಪಂಚಕ್ರೋಶಿ ಲೆಕ್ಕದಲ್ಲಿ ನೋಡಿದ್ರೆ ಇನ್ನೂ ಸ್ವಲ್ಪ ದೂರ ಇದೆ, ಅಲ್ವೇನಮ್ಮ?"

"ಇದೆ ಮಾವ, ಬೇಕಾದಷ್ಟಿದೆ."

"ಆದ್ರೆ ಆ ಬಾಬತ್‌ಪುರದ ಏರ್‌ಪೋರ್ಟು ಎರಡು ಲೆಕ್ಕದಲ್ಲೂ ಹೊರಗೇ."

ಟ್ಯಾಕ್ಸಿಯವನು ಲಲ್ಲನ್, ನಮ್ಮ ಮನೆಗೆ ಯಾತ್ರಿಕರನ್ನು ತಂದು ಬಿಡುವವನು. ಅವನಿಗೆ ಕನ್ನಡ ಬರುವುದಿಲ್ಲ, ಆದರೆ ಬಾಬತ್‌ಪುರ ಎನ್ನುವ ಶಬ್ದವೂ ಮಾವನ ಮುಖವೂ ಅವನಿಗೆ ಸಾಕಾಯಿತು. "ಅರೇ ಬಾಬಾ, ಕಾಹೇ ಚಿಂತಾ ಕರತ್ ಹಯೀಂ? ಟಿಕಟ್ ಪರ್ ಬನಾರಸ್ ಲಿಖಲ್ ಬಾ, ಪಿನ್ ಕೋಡ್ ಬನಾರಸ್ ಕಾ ಬಾ!" ಎಂದು ಭೋಜಪುರಿಯಲ್ಲಿ ಧೈರ್ಯ ಹೇಳಿದ. ಟಿಕೆಟ್ಟಿನಲ್ಲೂ ಪಿನ್ ಕೋಡಿನಲ್ಲೂ ಅದು ಬನಾರಸ್ಸೇ ಅಂತೆ.

"ಕಾಶಿ ಕಾಯೋ ಕಾಲಭೈರವ ಪಿನ್ ಕೋಡ್ ನೋಡಲ್ಲ," ಎಂದು ಮಾವ ನನಗೆ ಕನ್ನಡದಲ್ಲಿ ಹೇಳಿ ಕಿಟಕಿಯ ಕಡೆ ತಿರುಗಿದರು. ಸೇತುವೆ ದಾಟುವಾಗ ಅವರು ಕೈಮುಗಿದದ್ದು ಕಂಡಿತು. ತುಟಿ ಅಲುಗುತ್ತಿತ್ತು. ನಾನು ಆ ಹೊತ್ತಿಗೆ ಸುಮ್ಮನಿರಬೇಕಿತ್ತು. ಆದರೂ ಬಾಯಿ ತಡೆಯದೆ, "ಮಾವ, ಬೇಕಿದ್ರೆ ಈಗ್ಲೂ ವಾಪಸ್ ಹೋಗೋಣ," ಎಂದೆ. ಸತ್ಯ ಹೇಳುತ್ತೇನೆ, ಅವರು ಹೂಂ ಎನ್ನಲಿ ಎಂದು ನನ್ನ ಆಸೆಯಿತ್ತು.

"ಅವಳು ಕೇಳೋದು ಕೇಳಿಬಿಟ್ಟಳಲ್ಲ," ಎಂದರು ಮಾವ.

ಬಾಬತ್‌ಪುರ

ನೇಪಾಳಕ್ಕೆ ನಮ್ಮವರಿಗೆ ಪಾಸ್‌ಪೋರ್ಟ್ ಬೇಕಿಲ್ಲ, ಮತದಾರರ ಚೀಟಿ ಸಾಕು. ಅದು ಸುಸೂತ್ರವಾಗಿ ಆಯಿತು. ಎಡವಟ್ಟಾದದ್ದು ಮೈ ತಪಾಸಣೆಯಲ್ಲಿ. ಮಾವನ ಸೊಂಟದ ಮಡಿಕೆಯಿಂದ ಬೆರಳುದ್ದದ ಒಂದು ಬಾಟಲಿ ಹೊರಗೆ ಬಂತು. ಒಳಗೆ ನೀರು, ನೀರಿನಲ್ಲಿ ಒಂದು ತುಳಸಿ ಎಲೆ.

"ಬಾಬಾ, ಯೇ ಕ್ಯಾ ಹೈ?" ಎಂದು ಕೇಳಿದ ಸಮವಸ್ತ್ರದವನು.

"ಗಂಗಾಜಲ್. ಮರ್ತೇ ಸಮಯ್ ಕೇ ಲಿಯೇ," ಎಂದರು ಮಾವ. ಸಾಯುವ ಹೊತ್ತಿಗೆ ಬೇಕಾದೀತೆಂದು ತಂದದ್ದು.

ವಿಮಾನ ನಿಲ್ದಾಣದಲ್ಲಿ ಬಾಯಿಬಿಟ್ಟು ಹೇಳಬಾರದ ಮಾತುಗಳಲ್ಲಿ ಇದು ಮೊದಲ ಸಾಲಿನದು. ಇನ್ನಿಬ್ಬರು ಬಂದರು. ಯಾರು ಸಾಯುವುದು, ಯಾವಾಗ, ಎಷ್ಟು ಜನ ಎಂದೆಲ್ಲ ಕೇಳಿದರು. ನಾನು ಹಿಂದಿಯಲ್ಲಿ ಹೆಂಗಸರ ಸಾಲಿನಿಂದಲೇ ಕೂಗಿಕೊಂಡು ವಿವರಿಸಿದೆ. ಒಂದು ಗುಟುಕು ಕುಡಿದು ತೋರಿಸಿದರೆ ಬಿಡುತ್ತೇವೆ ಎಂದರು. ಮಾವ ಖಂಡಿತ ಆಗದು ಎಂದರು. "ಈಗ್ಲೇ ಕುಡಿದ್ರೆ ಆಗ ಏನ್ಮಾಡ್ಲಿ?" ಕೊನೆಗೆ ಹಿರಿಯ ಅಧಿಕಾರಿಯೊಬ್ಬ ಮುಚ್ಚಳ ತೆಗೆದು ಮೂಸಿ ನೋಡಿ, ಇದು ನಮ್ಮ ಗಂಗೆಯೇ ಎಂದು ತೀರ್ಮಾನಿಸಿ, ಎರಡು ಹನಿ ತಲೆಗೆ ಪ್ರೋಕ್ಷಿಸಿಕೊಂಡು ವಾಪಸು ಕೊಟ್ಟ. ಮಾವ ಬಾಟಲಿಯನ್ನು ಬೆಳಕಿಗೆ ಹಿಡಿದು ಎಷ್ಟು ಕಡಿಮೆಯಾಗಿದೆ ಎಂದು ನೋಡಿದರು.

ಆಮೇಲೆ ಕೂತೆವು. ಕಾಠ್ಮಂಡುವಿನಲ್ಲಿ ಮೋಡವಂತೆ. ಈ ಚಿಕ್ಕ ವಿಮಾನಗಳನ್ನು ಹತ್ತುವವರು ಮೊದಲು ಅಭ್ಯಾಸ ಮಾಡಿಕೊಳ್ಳಬೇಕಾದದ್ದು ಹಾರುವುದನ್ನಲ್ಲ, ಕೂರುವುದನ್ನು. ಮೂರು ಗಂಟೆ ಕೂತೆವು. ಆ ಮೂರು ಗಂಟೆಯಲ್ಲಿ ಮಾವ ನನಗೆ ಬಾಟಲಿಯ ಪ್ರಯೋಗವನ್ನು ನಾಲ್ಕು ಸಲ ಹೇಳಿಕೊಟ್ಟರು. ವಿಮಾನ ಬೀಳತೊಡಗಿದರೆ ಮೊದಲು ಮುಚ್ಚಳ ತೆಗೆಯಬೇಕು, ಅವರ ಬಲಗಿವಿಯಲ್ಲಿ ಶಿವನಾಮ ಹೇಳಬೇಕು, ನಾಲಗೆಯ ಮೇಲೆ ಹನಿ ಬಿಡಬೇಕು. ಎಲೆಯೂ ಬೀಳಬೇಕು.

"ಮಾವ, ವಿಮಾನ ಬಿದ್ರೆ ನಾನೂ ಅದರಲ್ಲೇ ಇರ್ತೀನಿ. ನನ್ನ ಬಾಯಿಗೆ ಯಾರು ಬಿಡ್ತಾರೆ?"

ಮಾವ ಯೋಚಿಸಿದರು. "ನೀನಿನ್ನೂ ಚಿಕ್ಕವಳು," ಎಂದರು. ಆ ಉತ್ತರದಲ್ಲಿ ತರ್ಕ ಎಲ್ಲಿದೆ ಎಂದು ನಾನು ಇವತ್ತಿಗೂ ಹುಡುಕುತ್ತಿದ್ದೇನೆ.

ಕೊನೆಗೂ ಕರೆದರು. ವಿಮಾನ ಬಿಸಿಲಿನಲ್ಲಿ ನಿಂತಿತ್ತು. ಬಾಗಿಲು ಬಾಲದ ಹತ್ತಿರ, ಐದಾರು ಮೆಟ್ಟಿಲು. ಬಾಲದ ಕೆಳಗೆ ಒಂದು ಕಬ್ಬಿಣದ ಕೋಲು ಕೊಟ್ಟು ನಿಲ್ಲಿಸಿದ್ದಾರೆ! ಎಲ್ಲರೂ ಹಿಂದಿನಿಂದ ಹತ್ತುವಾಗ ಮೂತಿ ಎದ್ದು ಬಾಲ ನೆಲಕ್ಕೆ ಕೂರದಿರಲಿ ಎಂದು ಹಾಗೆ ಆನಿಸುತ್ತಾರಂತೆ, ಹೊರಡುವಾಗ ತೆಗೆಯುತ್ತಾರಂತೆ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ನಾನು ಮೆಟ್ಟಿಲ ಮೇಲೆ ಅರ್ಧ ನಿಮಿಷ ಕಲ್ಲಾಗಿ ನಿಲ್ಲುತ್ತಿರಲಿಲ್ಲ. "ಇದಕ್ಕೂ ನನ್ನ ಹಾಗೆ ಊರುಗೋಲು ಬೇಕು ಅಂತಾಯ್ತು," ಎಂದು ಮಾವ ಮಾತ್ರ ಅದನ್ನು ಆತ್ಮೀಯವಾಗಿ ನೋಡಿದರು.

ಆಕಾಶ

ನನ್ನ ಜಾತಿಯವರಿಗೆ ಕೆಲವು ಮಾತು. ನಮ್ಮ ಸೀಟು ಬಲಗಡೆ, ರೆಕ್ಕೆಯ ಸಮೀಪ. ರೆಕ್ಕೆ ನಮ್ಮ ತಲೆಯ ಮೇಲಿರುತ್ತದೆ, ಹಾಗಾಗಿ ಫ್ಯಾನು ಕಿಟಕಿಯಿಂದ ಚೆನ್ನಾಗಿ ಕಾಣುತ್ತದೆ. ಕಾಣಬಾರದಿತ್ತು. ಎಂಜಿನ್ ಭೋರೆಂದು ಕೂಗುತ್ತಿದೆ, ನಮ್ಮ ಕಡೆಯ ಫ್ಯಾನು ಮಾತ್ರ ಅಲ್ಲಾಡದೆ ನಿಂತಿದೆ. ಗಗನಸಖಿಯನ್ನು ಕರೆದು ತೋರಿಸಿದೆ. ಚಿಕ್ಕ ಕಣ್ಣಿನ, ನಗುಮುಖದ ನೇಪಾಳಿ ಹುಡುಗಿ. "ಹಜೂರ್, ನೆಲದ ಮೇಲೆ ಹಾಗೇ. ಎಂಜಿನ್ ನಡೀತಿದ್ರೂ ಫ್ಯಾನಿಗೆ ಬ್ರೇಕ್ ಹಾಕಿರ್ತಾರೆ. ಹೊರಡುವಾಗ ಬಿಡ್ತಾರೆ," ಎಂದು ಹಿಂದಿಯಲ್ಲಿ ಹೇಳಿದಳು. ಅವಳು ಅದನ್ನು ದಿನಕ್ಕೆ ಹತ್ತು ಜನರಿಗೆ ಹೇಳುವವಳಂತೆ ಕಂಡಳು. ಮುಂದಿನ ಸಾಲುಗಳಲ್ಲಿ ಭಾರ ಹೆಚ್ಚಾಯಿತೆಂದು ಇಬ್ಬರು ದಪ್ಪ ಯಜಮಾನರನ್ನು ಎಬ್ಬಿಸಿ ಹಿಂದೆ ಕೂರಿಸಿದಳು. ತಕ್ಕಡಿಯಲ್ಲಿ ತೂಗುವಂತೆ ನಮ್ಮನ್ನು ತೂಗುತ್ತಿದ್ದಾರಲ್ಲ ಎಂದು ನನಗೆ ಇನ್ನಷ್ಟು ಗಾಬರಿಯಾಯಿತು.

ಅಷ್ಟರಲ್ಲಿ ಮಾವ ಅವಳ ಕೈ ಹಿಡಿದು ನಿಲ್ಲಿಸಿದ್ದರು. "ಬೇಟಿ, ಯೇ ಕಾಶಿ ಕೇ ಊಪರ್ ಸೇ ಜಾಯೇಗಾ ನಾ?"

ಕಾಶಿಯ ಮೇಲೇ ಹಾರುತ್ತದೋ ಇಲ್ಲವೋ, ಪೈಲಟ್ ಗಾಳಿ ನೋಡಿಕೊಂಡು ಹೋಗುತ್ತಾರೆ, ತನಗೆ ಗೊತ್ತಿಲ್ಲ ಎಂದಳು. ಕಾಶಿ ನೋಡಬೇಕೇ ಎಂದು ಕೇಳಿದಳು. ನೋಡುವುದಕ್ಕಲ್ಲ, ಬೀಳುವುದಕ್ಕೆ ಎಂದು ಮಾವ ಹೇಳುವ ಮೊದಲೇ ನಾನು, "ಹೌದು ಹೌದು, ನೋಡೋಕೆ," ಎಂದು ಅವಳನ್ನು ಕಳಿಸಿದೆ.

ಓಡಿತು, ನಡುಗಿತು, ಎದ್ದಿತು. ದೊಡ್ಡ ವಿಮಾನ ಎದ್ದದ್ದು ಗೊತ್ತಾಗುವುದಿಲ್ಲ, ಇದು ಪ್ರತಿ ಮೊಳಕ್ಕೂ ತಿಳಿಸಿ ಏಳುತ್ತದೆ. ಕಿಟಕಿಯಲ್ಲಿ ನೋಡಿದರೆ ಚಕ್ರಗಳು ಇನ್ನೂ ತಿರುಗುತ್ತಾ ಕಾಲು ಮಡಚಿಕೊಳ್ಳುವುದು ಕಾಣುತ್ತದೆ. ಸ್ವಲ್ಪ ಮೇಲೇರಿದ ಮೇಲೆ ಎಂಜಿನ್ನಿನ ಸದ್ದು ಒಮ್ಮೆಲೇ ತಗ್ಗುತ್ತದೆ. ಆಗ ಎಂಜಿನ್ ನಿಂತುಹೋಯಿತು ಎಂದು ನಿಮಗೆ ಖಾತ್ರಿಯಾಗುತ್ತದೆ. ನಿಂತಿರುವುದಿಲ್ಲ. ಏರುವಾಗ ಬೇಕಾದಷ್ಟು ಜೋರು ಆಮೇಲೆ ಬೇಡ, ಅಷ್ಟೆ. ಇದನ್ನು ನನಗೆ ಮರುದಿನ ಪ್ರಕಾಶ ಹೇಳಿದ. ಆ ದಿನ ನಾನು ಎಂಜಿನ್ ನಿಂತಿದೆ ಎಂದೇ ನಂಬಿ ನಾಲ್ಕು ನಿಮಿಷ ಬದುಕಿದ್ದೆ.

ದೂರದಲ್ಲಿ ಗಂಗೆ ಬಾಗಿ ಹೊಳೆಯಿತು. ಮಾವ ಕೈಮುಗಿದರು. ಆಮೇಲೆ ಶುರುವಾಯಿತು.

"ಈಗ ಬಿದ್ರೆ ಎಲ್ಲಿ ಬೀಳುತ್ತೆ ಶಾರದಾ?"

"ಅಲ್ಲೇ ಮಾವ, ಊರ ಹತ್ರ."

ಎರಡು ನಿಮಿಷ ಬಿಟ್ಟು, "ಈಗ ಬಿದ್ರೆ?"

"ಆಜಮ್‌ಗಢ ಇರಬೇಕು."

"ಥೂ," ಎಂದರು. ಇನ್ನೂ ಮುಂದೆ ಹೋದ ಮೇಲೆ ಕೆಳಗೆ ಅಗಲವಾದ ನದಿಯೊಂದು ಕಂಡಿತು. ಗಂಗೆಯೇ ಎಂದು ಆಸೆಯಿಂದ ಕೇಳಿದರು. ಸರಯೂ ಎಂದು ಹಿಂದಿನ ಸೀಟಿನವರು ಹೇಳಿದರು. "ಸರಯೂನೂ ಅಡ್ಡಿಯಿಲ್ಲ. ರಾಮ ಹೋಗಿದ್ದು ಅಲ್ಲೇ," ಎಂದು ಸ್ವಲ್ಪ ಹೊತ್ತು ಸಮಾಧಾನವಾಗಿದ್ದರು. ನದಿ ದಾಟಿತು. "ಈಗ?"

ನನ್ನ ಸಹನೆಯ ಕಟ್ಟೆ ಒಡೆಯಿತು. "ಮಾವ, ಬೀಳಲ್ಲ! ಬಿದ್ರೆ ಎಲ್ಲಿ ಬಿತ್ತು ಅಂತ ಹೇಳೋಕೆ ನಾನೂ ಇರಲ್ಲ!" ಎಂದು ಕೂಗಿದೆ. ವಿಮಾನದಲ್ಲಿ ಕನ್ನಡ ಬರುವವರು ನಾವಿಬ್ಬರೇ. ಆದರೂ ಮುಂದಿನ ಮೂರು ಸಾಲು ತಿರುಗಿ ನೋಡಿತು.

ಬೆಟ್ಟಗಳ ಮೇಲೆ ಮೋಡ ಹೊಕ್ಕೆವು. ತುಮಕೂರಿನಿಂದ ಪಾವಗಡಕ್ಕೆ ಹೋಗುವ ಹಳೇ ಖಾಸಗಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರಿಗೆ ಆ ಕುಲುಕಾಟ ಗೊತ್ತಿರುತ್ತದೆ. ವ್ಯತ್ಯಾಸವೆಂದರೆ ಬಸ್ಸು ಹಳ್ಳಕ್ಕೆ ಇಳಿದರೆ ಕೆಳಗೆ ನೆಲ ಇರುತ್ತದೆ. ಚಿಕ್ಕ ವಿಮಾನ ಮೋಡದ ಮೇಲೆ ಹೋಗದೆ ನಡುವೆಯೇ ನುಗ್ಗುವುದರಿಂದ ಅದು ಕುಲುಕುವುದು ಸಹಜ, ಅಪಾಯವಲ್ಲ ಎನ್ನುತ್ತಾರೆ. ಸಹಜ ಎನ್ನುವುದು ಹೊಟ್ಟೆಗೆ ಗೊತ್ತಾಗಬೇಕಲ್ಲ! ಒಂದು ಸಲ ಧೊಪ್ಪೆಂದು ಕುಸಿದಾಗ ನಾನು "ಅಮ್ಮಾ" ಎಂದು ಮುಂದಿನ ಸೀಟಿನವರ ತಲೆಗೂದಲು ಹಿಡಿದುಕೊಂಡೆ. ಅವರು ಪುಣ್ಯಾತ್ಮರು, ಬಿಡಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ನನ್ನ ತುಟಿಗೆ ಏನೋ ತಣ್ಣಗೆ ತಾಕಿತು. ಮಾವ ಬಾಟಲಿ ಹಿಡಿದಿದ್ದರು.

"ಬಾಯಿ ತೆಗಿ."

ಅದು ಯಾವ ಹೊತ್ತಿಗೆ ಕೊಡುವ ನೀರು ಎಂದು ನಾಲ್ಕು ಸಲ ಪಾಠ ಆಗಿತ್ತಲ್ಲ. ನನ್ನ ಕಾಲ ಮುಗಿಯಿತು ಎಂದು ಇವರೇ ತೀರ್ಮಾನಿಸಿಬಿಟ್ಟರಲ್ಲ ಎಂದು ಹೆದರಿಕೆಯ ನಡುವೆಯೂ ನನಗೆ ಕೆಂಡದಂಥ ಸಿಟ್ಟು ಬಂತು. "ನಾನಿನ್ನೂ ಸತ್ತಿಲ್ಲ ಮಾವ!"

"ಸಾಯೋಕಲ್ವೇ, ಬಾಯಿ ಒಣಗಿದೆ ನಿಂಗೆ. ಮಾತು ತೊದಲ್ತಿದೆ. ಆ ಹುಡುಗಿ ಎದ್ದು ಬರೋ ಹಾಗಿಲ್ಲ, ನೀರು ಬೇರೆಲ್ಲಿದೆ? ಕುಡಿ."

ಕುಡಿದೆ. ಪೂರ್ತಿ ಕುಡಿದೆ, ಎಲೆ ಸಮೇತ. ಆಮೇಲೆ ನೋಡಿದರೆ ಮಾವ ಖಾಲಿ ಬಾಟಲಿಗೆ ಮುಚ್ಚಳ ತಿರುಗಿಸಿ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ನನಗೆ ನಾಚಿಕೆಯಾಯಿತು.

ಕಾಠ್ಮಂಡುವಿನ ಮೇಲೆ

ಇಳಿಯಲಿಲ್ಲ. ಸುತ್ತತೊಡಗಿತು. ಕಣಿವೆಯಲ್ಲಿ ಮೋಡ ಕೂತಿದೆ, ಕೆಳಗೆ ದಾರಿ ಕಾಣುತ್ತಿಲ್ಲ, ನಮ್ಮ ಮುಂದೆ ಇನ್ನೂ ಕೆಲವು ವಿಮಾನಗಳು ಸುತ್ತುತ್ತಿವೆ. ಒಂದು ಸುತ್ತು, ಎರಡು ಸುತ್ತು, ಪ್ರದಕ್ಷಿಣೆಯ ಹಾಗೆ. ಅರ್ಧ ಗಂಟೆಯಾದ ಮೇಲೆ ಪೈಲಟ್ ಮೈಕಿನಲ್ಲಿ ಮಾತಾಡಿದ. ಇನ್ನು ಹತ್ತು ನಿಮಿಷ ನೋಡುತ್ತೇವೆ, ಮೋಡ ಸರಿಯದಿದ್ದರೆ ವಾರಣಾಸಿಗೆ ಹಿಂತಿರುಗುತ್ತೇವೆ.

ಜನ ಗೊಣಗಿದರು. ನಾನು ಮಾತ್ರ, ನಾಚಿಕೆ ಬಿಟ್ಟು ಹೇಳುತ್ತೇನೆ, ದೇವರಿಗೆ ಕೈಮುಗಿದೆ. ನನಗೆ ನೆಲ ಬೇಕಿತ್ತು, ಯಾವ ದೇಶದ್ದಾದರೂ ಸರಿ. ಮಾವನಿಗಂತೂ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಇಲ್ಲ. "ನೋಡಿ ಮಾವ, ವಾಪಸ್ ಕಾಶಿಗೆ! ಸಂಜೆಗೆ ಕೇದಾರ ಘಾಟ್‌ನಲ್ಲಿರ್ತೀರಿ," ಎಂದೆ.

ಮಾವ ಸೀಟಿನ ಬೆಲ್ಟಿನ ಜೊತೆ ಗುದ್ದಾಡುತ್ತಿದ್ದರು. ಬಿಚ್ಚಿಕೊಂಡು ಎದ್ದೇ ನಿಂತರು, ಆ ಕುಲುಕಾಟದಲ್ಲಿ. ಗಗನಸಖಿ ತನ್ನ ಸೀಟಿನಿಂದಲೇ ಕೂತ್ಕೊಳ್ಳಿ ಎಂದು ಕೂಗಿದಳು.

"ಬೇಟಿ, ಪೈಲಟ್ ಸೇ ಬೋಲೋ, ವಾಪಸ್ ಮತ್ ಜಾವೋ," ಎಂದು ಮಾವ ಅಷ್ಟುದ್ದಕ್ಕೂ ಕೇಳುವಂತೆ ಹೇಳಿದರು. "ಮೇರೀ ಬಹನ್ ನೀಚೇ ಹೈ. ಪರ್ಸೋಂ ಉಸ್ಕಾ ಆಪರೇಶನ್ ಹೈ. ಜಹಾಂ ಹೋ ವಹೀಂ ಉತಾರ್ ದೋ." ವಾಪಸು ಹೋಗಬೇಡಿ, ತಂಗಿ ಕೆಳಗಿದ್ದಾಳೆ, ನಾಡಿದ್ದು ಅವಳ ಆಪರೇಷನ್, ಎಲ್ಲಾದರೂ ಇಳಿಸಿಬಿಡಿ ಎಂದು ಬೇಡುತ್ತಿದ್ದರು.

ನಾನು ಪಂಚೆ ಹಿಡಿದು ಎಳೆದು ಕೂರಿಸಿದೆ. "ಮಾವ, ಮೋಡದಲ್ಲಿ ಇಳಿಸಿದ್ರೆ ಬೆಟ್ಟಕ್ಕೆ ಹೊಡೆಯುತ್ತೆ."

"ಹೊಡೀಲಿ! ಇವತ್ತು ವಾಪಸ್ ಹೋದ್ರೆ ನಾನು ಇನ್ನೊಂದ್ಸಲ ಆ ಸೇತುವೆ ದಾಟಲ್ಲ ಶಾರದಾ. ನನಗೆ ನನ್ನ ವಿಷಯ ಗೊತ್ತು. ನನ್ನ ಧೈರ್ಯ ಇದೊಂದೇ ಸಲದ್ದು."

ನಾನು ಅವರ ಕೈ ಹಿಡಿದುಕೊಂಡೆ. ಇಪ್ಪತ್ತೆರಡು ವರ್ಷದಲ್ಲಿ ಮಾವನ ಕೈ ಮುಟ್ಟಿದ್ದು ಅದೇ ಮೊದಲು. ಅದುವರೆಗೆ ವಾಪಸು ಹೋಗಲಿ ಎಂದು ಬೇಡುತ್ತಿದ್ದವಳು ಆ ಕ್ಷಣದಿಂದ ಇಳಿಯಲಿ ಎಂದು ಬೇಡತೊಡಗಿದೆ. ಒಂದೇ ವಿಮಾನದಲ್ಲಿ ಕೂತು ದೇವರಿಗೆ ಎರಡು ಬಗೆಯ ಅರ್ಜಿ ಹಾಕಿದವಳು ನಾನೊಬ್ಬಳೇ ಇರಬೇಕು.

ಹತ್ತು ನಿಮಿಷ ಹನ್ನೆರಡಾಯಿತು. ಆಮೇಲೆ ಕಿವಿ ಗುಂಯ್ ಎಂದಿತು, ಮೋಡ ಹರಿದು ಹಸಿರು ಗದ್ದೆ, ಇಟ್ಟಿಗೆ ಬಣ್ಣದ ಮನೆಗಳು ರಪ್ಪನೆ ಕೆಳಗೆ ಬಂದು ನಿಂತವು. ಚಕ್ರ ನೆಲ ಮುಟ್ಟಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವ ತಟ್ಟಲಿಲ್ಲ, ಚೀಲ ಎಲ್ಲಿ ಎಂದು ಕೇಳಿದರು.

ಕಾಠ್ಮಂಡು

ಈ ಊರಿನ ಬಗ್ಗೆ ಎರಡು ವಿಷಯ ಹೇಳಲೇಬೇಕು. ಇಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ. ಗೋದೌಲಿಯಾದಷ್ಟೇ ಗಾಡಿ, ಅಷ್ಟೇ ಧೂಳು, ಆದರೆ ಎಲ್ಲರೂ ಮೌನವ್ರತ ಹಿಡಿದವರ ಹಾಗೆ ಒಬ್ಬರ ಹಿಂದೊಬ್ಬರು ಕಾಯುತ್ತಾರೆ. ಬನಾರಸಿನ ಕಿವಿಗೆ ಇದು ಭಯಂಕರ. ಹಿಂದೆ ಏನೂ ಕೇಳದೆ ನಾನು ಎರಡು ಸಲ ಬೈಕಿನ ಕೆಳಗೆ ಹೋಗುವುದರಲ್ಲಿದ್ದೆ. ಇನ್ನೊಂದು, ಇವರ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ಒಂದು ಗಂಟೆ ಅಲ್ಲ, ಅರ್ಧ ಗಂಟೆಯೂ ಅಲ್ಲ, ಹದಿನೈದೇ ನಿಮಿಷ. ಅದನ್ನು ತಿದ್ದಿಕೊಳ್ಳಬೇಕೋ ಬೇಡವೋ ಎಂದು ಮಾವ ಪ್ರಕಾಶನ ಕಾರಿನಲ್ಲಿ ಆಸ್ಪತ್ರೆ ಬರುವವರೆಗೆ ಸಂಧ್ಯಾವಂದನೆಯ ಕಾಲವನ್ನು ಲೆಕ್ಕ ಹಾ​ಕಿದರು. ಇಲ್ಲಿನ ಪಶುಪತಿಯ ಸನ್ನಿಧಿಯಲ್ಲೂ ಮುಕ್ತಿಯುಂಟು ಮಾವಾ, ಹೆದರಬೇಡಿ ಎಂದು ಪ್ರಕಾಶ ಸಮಾಧಾನ ಹೇಳಿದ. "ಇರಬಹುದು. ನಾನು ವಿಚಾರಿಸಿಲ್ಲ," ಎಂದರು ಮಾವ.

ಜಾನಕಿ ಅತ್ತೆ ಹಾಸಿಗೆಯಲ್ಲಿ ದಿಂಬಿಗೊರಗಿ ಕೂತಿದ್ದರು. ನಾವು ಬರುವ ಸುದ್ದಿಯನ್ನು ಪ್ರಕಾಶ ಅವರಿಗೆ ಹೇಳಿರಲಿಲ್ಲ. ವಿಮಾನ ಇಳಿಯದಿದ್ದರೆ ಎಂದು ಅವನಿಗೂ ಅನುಮಾನವಿತ್ತು. ಬಾಗಿಲಲ್ಲಿ ಅಣ್ಣನನ್ನು ಕಂಡ ಅವರ ಮುಖ ಮೊದಲು ಬೆಳ್ಳಗಾಯಿತು, ಆಮೇಲೆ ಕೆಂಪಗಾಯಿತು.

"ಬುದ್ಧಿ ಇದ್ಯಾ ನಿಂಗೆ? ಹತ್ತೊಂಬತ್ತು ವರ್ಷದ ವ್ರತ ಹಾಳುಮಾಡ್ಕೊಂಡು ಬಂದ್ಯಲ್ಲೋ!" ಎಂದು ಬೈದು, ಸೆರಗು ಬಾಯಿಗೆ ಒತ್ತಿಕೊಂಡರು.

"ನೀನೇ ಕರೆದೆ."

"ಸುಮ್ನೆ ಅಂದೆ ಅಂತ ಹೇಳ್ಲಿಲ್ವಾ?"

ಮಾವ ಚೀಲದಿಂದ ಗೌರಿ ಹಬ್ಬದ ಬಾಗಿನದ ಮೊರ ತೆಗೆದು ಅವರ ಮಡಿಲಲ್ಲಿಟ್ಟರು. ಅದು ಬಟ್ಟೆಯ ನಡುವೆ ನಜ್ಜುಗುಜ್ಜಾಗಿ, ಒಳಗಿದ್ದ ಬಳೆ ಒಂದು ಒಡೆದಿತ್ತು. ನಾನು ಚಹಾ ತರುವ ನೆವದಲ್ಲಿ ಹೊರಗೆ ಬಂದೆ.

ಗುರುವಾರ ಐದು ಗಂಟೆ ಹೊತ್ತು ಆಪರೇಷನ್. ಮಾವ ಬೆಂಚಿನ ಮೇಲೆ ನೆಟ್ಟಗೆ ಕೂತು ರುದ್ರ ಹೇಳುತ್ತಿದ್ದರು. ಒಂದು ಕಡೆ ಮರೆತು ಮತ್ತೆ ಮೊದಲಿನಿಂದ ಶುರುಮಾಡಿದರು. ಅವರು ರುದ್ರ ಮರೆತದ್ದನ್ನು ನಾನು ಅದೇ ಮೊದಲು ಕೇಳಿದ್ದು. ಡಾಕ್ಟರು ಹೊರಗೆ ಬಂದು ಎಲ್ಲ ಸರಿಹೋಗಿದೆ ಎಂದಾಗ ಮಾವ ಅವರ ಕಾಲಿಗೆ ಬೀಳಲು ಹೋದರು. ಮಗನ ವಯಸ್ಸಿನ ಡಾಕ್ಟರು ಹೆದರಿ ಓಡಿಹೋದರು.

ಮರಳಿ

ಮುಂದಿನ ಬುಧವಾರಕ್ಕೆ ನಮ್ಮಿಬ್ಬರ ಟಿಕೆಟ್ಟು ಇತ್ತು. ಬೆಳಿಗ್ಗೆ ನಾನು ಚೀಲ ಕಟ್ಟಿಕೊಂಡು ಆಸ್ಪತ್ರೆಗೆ ಬಂದರೆ ಮಾವ ವಾರ್ಡಿನ ಹೊರಗೆ ಫ್ಲಾಸ್ಕು ಹಿಡಿದು ನಿಂತಿದ್ದರು. ಅವರ ಚೀಲ ಎಲ್ಲೂ ಕಾಣಲಿಲ್ಲ.

"ನೀನು ಹೊರಡಮ್ಮ. ನಾನು ಬರಲ್ಲ."

"ಬರಲ್ಲ ಅಂದ್ರೆ?"

"ಜಾನಕಿ ಮನೆ ಮೆಟ್ಟಿಲು ಹತ್ತೋ ಹಾಗಾಗ್ಲಿ. ಆಮೇಲೆ ನೋಡೋಣ."

ನಾನು ಆಸ್ಪತ್ರೆ ಎಂಬುದನ್ನೂ ಮರೆತು ಕೂಗಾಡಿದೆ. ಈಗ ಬಿದ್ರೆ ಎಲ್ಲಿ, ಈಗ ಬಿದ್ರೆ ಎಲ್ಲಿ ಎಂದು ದಾರಿಯುದ್ದಕ್ಕೂ ನನ್ನ ಪ್ರಾಣ ತಿಂದವರು ಇವರೇ ತಾನೆ? ಇವರ ಮುಕ್ತಿ ಕಾಯುವುದಕ್ಕೆ ತಾನೆ ನಾನು ಆ ಹಾಳು ಡಬ್ಬಿಯಲ್ಲಿ ಕೂತದ್ದು? ಮನೆಯಲ್ಲಿ ನಾನು ಏನೆಂದು ಹೇಳಲಿ?

ಮಾವ ಎಲ್ಲ ಕೇಳಿಸಿಕೊಂಡರು. "ವ್ರತದ ಮಡಕೆ ಒಡೆದಾಯ್ತಲ್ಲ ಶಾರದಾ. ಎರಡು ದಿನಕ್ಕೆ ಒಡೆದ್ರೂ ಅಷ್ಟೆ, ಎರಡು ತಿಂಗಳಿಗೆ ಒಡೆದ್ರೂ ಅಷ್ಟೆ."

"ಇಲ್ಲೇ ಏನಾದ್ರೂ ಆಗಿಬಿಟ್ರೆ?"

"ಆದ್ರೆ ಆಗುತ್ತೆ. ಜಾನಕಿ ಇದ್ದಾಳೆ, ಅಳ್ತಾಳೆ." ಫ್ಲಾಸ್ಕಿನ ಮುಚ್ಚಳವನ್ನು ಬಿಗಿ ಮಾಡುತ್ತಾ, "ಕಾಶೀಲಿ ಯಾರೂ ಅಳಲ್ಲ," ಎಂದರು.

ನಿಜ. ಕಾಶಿಯಲ್ಲಿ ಸತ್ತವರಿಗೆ ಅಳಬಾರದು. ಅತ್ತರೆ ಹೋಗುವವರ ದಾರಿಗೆ ಅಡ್ಡ ಎಂದು ಮೂರು ತಲೆಮಾರಿನಿಂದ ಯಾತ್ರಿಕರ ಬಾಯಿ ಮುಚ್ಚಿಸಿದ ಮನೆ ನಮ್ಮದು. ಅತ್ತೆ ಹೋದ ದಿನ ಮಾವನ ಕಣ್ಣಲ್ಲೂ ಒಂದು ಹನಿ ಬಂದಿರಲಿಲ್ಲ. ಆದರೆ ನನಗೆ ಆ ಮಾತು ಚುಚ್ಚಿತು.

"ನಾನಿಲ್ವಾ ಮಾವ?"

ಮಾವನಿಗೆ ನಿಜಕ್ಕೂ ಆಶ್ಚರ್ಯವಾಯಿತು. ಹಾಸ್ಯವಲ್ಲ, ಕುಹಕವಲ್ಲ.

"ನೀನು ಬೈತೀಯ," ಎಂದರು.

ವಾಪಸು ಬರುವಾಗ ಆಕಾಶ ತೊಳೆದಿಟ್ಟ ಹಾಗಿತ್ತು. ಪಕ್ಕದ ಸೀಟು ಖಾಲಿ. ಎಡಗಡೆ ಕೂತವರೆಲ್ಲ ಎದ್ದು ಬಲಗಡೆ ಕಿಟಕಿಗಳಿಗೆ ಬಂದು ಹಿಮದ ಬೆಟ್ಟಗಳ ಫೋಟೊ ತೆಗೆಯುತ್ತಿದ್ದರು. ವಿಮಾನ ಒಂದು ಸಲವೂ ಅಲುಗಲಿಲ್ಲ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕಾಠ್ಮಂಡುವಿನಿಂದ ಅತ್ತವಳು ಸರಯೂ ದಾಟಿದರೂ ನಿಲ್ಲಿಸಿರಲಿಲ್ಲ. ಗಗನಸಖಿ ಬಂದು ನನ್ನ ಪಕ್ಕ ಮಂಡಿಯೂರಿ ಕೂತು, ಭುಜದ ಮೇಲೆ ಕೈಯಿಟ್ಟಳು.

"ದೀದಿ, ಡರ್ ಲಗ್ ರಹಾ ಹೈ?"

ಹೆದರಿ ಅಳುತ್ತಿದ್ದೇನೆ ಎಂದುಕೊಂಡಿದ್ದಳು. ಹೌದೆಂದು ತಲೆಯಾಡಿಸಿದೆ.